ಉತ್ತರಕ್ಕೆ ಮೊದಲಿನ ಪಿಸುದನಿ

ಬೇರೆ ಮೇಷ್ಟ್ರುಗಳ ತರಗತಿಯಲ್ಲಿ ಮಕ್ಕಳು ಹಿಂದಿನ ಬೆಂಚಿಗೆ ಮುಗಿಬೀಳುತ್ತಾರೆ. ಲೆಕ್ಕದ ಮೇಡಂ ತರಗತಿಯಲ್ಲಿ ಮಾತ್ರ ಮುಂದಿನ ಬೆಂಚಿಗೆ ಜಗಳ. ಗಂಟೆ ಹೊಡೆಯುವ ಮೊದಲೇ ಚೀಲ ಎಸೆದು ಜಾಗ ಹಿಡಿಯುವವರು, ಜಡೆ ಎಳೆದು ಎಬ್ಬಿಸುವವರು, ‘ನಿನ್ನೆ ನೀನು ಕೂತಿದ್ದೆ, ಇವತ್ತು ನನ್ನ ಸರದಿ’ ಎಂದು ಮುಖ ಊದಿಸಿಕೊಳ್ಳುವವರು. ಬಾಗಿಲಲ್ಲಿ ನಿಂತು ಈ ಗಲಾಟೆ ನೋಡುವಾಗ ಮೇಡಂಗೆ ಒಳಗೊಳಗೇ ಹಿಗ್ಗು. ಲೆಕ್ಕವೆಂದರೆ ಸಾಕು, ಇಲ್ಲದ ಹೊಟ್ಟೆನೋವು ಬರಿಸಿಕೊಳ್ಳುವ ಮಕ್ಕಳ ಲೋಕದಲ್ಲಿ ಇಂಥ ಭಾಗ್ಯ ಎಷ್ಟು ಜನಕ್ಕೆ ದಕ್ಕೀತು? ಅವಳು ಅದನ್ನು ಪ್ರೀತಿ ಎಂದುಕೊಂಡಿದ್ದಳು. ಅವಳ ಜಾಗದಲ್ಲಿ ಯಾರಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದರು.

ಅವಳು ಪ್ರಶ್ನೆ ಕೇಳಿದರೆ ಮುಂದಿನ ಸಾಲುಗಳಲ್ಲಿ ಕೈಗಳ ಕಾಡೇ ಏಳುತ್ತಿತ್ತು. ತಪಾಸಣೆಗೆ ಬಂದವರು ಮೂಗಿನ ಮೇಲೆ ಬೆರಳಿಟ್ಟುಕೊಂಡು ಹೋಗುತ್ತಿದ್ದರು. ಆದರೆ ಪರೀಕ್ಷೆಯ ದಿನ ಬಂತೆಂದರೆ ಅದೇ ಮಕ್ಕಳಿಗೆ ಗರ ಬಡಿದಂತಾಗುತ್ತಿತ್ತು. ಪೆನ್ನು ಕಚ್ಚುತ್ತ, ಸೂರು ನೋಡುತ್ತ, ಏನನ್ನೋ ಹುಡುಕುವವರಂತೆ ಅತ್ತಿತ್ತ ಕಣ್ಣಾಡಿಸುತ್ತ ಕೂತುಬಿಡುತ್ತಿದ್ದವು. ಕೋಣೆಯಲ್ಲಿ ಕಾವಲಿಗಿರುತ್ತಿದ್ದವರು ಬೇರೆ ಮೇಷ್ಟ್ರು. ಫಲಿತಾಂಶ ಬಂದಾಗ ಎಲ್ಲ ವಿಷಯಗಳಿಗಿಂತ ಲೆಕ್ಕ ಕೆಳಗೆ.

ಒಂದು ದಿನ ಮುಖ್ಯೋಪಾಧ್ಯಾಯಿನಿ ಕರೆಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕ ತೆಗೆದರೆಂದರೆ ಮಾತು ನೆಟ್ಟಗಿರುವುದಿಲ್ಲ ಎಂದು ಶಾಲೆಗೆಲ್ಲ ಗೊತ್ತು.

“ಕ್ಲಾಸಲ್ಲಿ ಪಟಪಟ ಅಂತ ಉತ್ತರ ಹೇಳೋ ಮಕ್ಕಳು ಪೇಪರ್ ಮುಂದೆ ಕೂತ್ರೆ ಕಲ್ಲಾಗ್ತಾವಲ್ಲ, ಇದೇನ್ರೀ ಮಾಯೆ? ಸ್ವಲ್ಪ ಟೈಮ್ ಕೊಡ್ತೀನಿ. ಆಮೇಲೂ ಹೀಗೇ ಆದ್ರೆ ದೊಡ್ಡ ಕ್ಲಾಸು ಕೊಡೋಕಾಗಲ್ಲ. ಪುಟಾಣಿಗಳಿಗೆ ಮಗ್ಗಿ ಹೇಳಿಕೊಟ್ಕೊಂಡು ಇರಿ.”

ಲೆಕ್ಕದ ಮೇಡಂಗೆ ಅವಮಾನಕ್ಕಿಂತ ಹೆಚ್ಚಾಗಿ ಭಯವಾಯಿತು. ಲೆಕ್ಕ ಕಲಿಸುವುದೊಂದನ್ನು ಬಿಟ್ಟರೆ ಅವಳಿಗೆ ಬೇರೆ ಏನೂ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮದುವೆಯ ಮಾತುಗಳು ಬಂದು, ಕೂತು, ತಿಂಡಿ ತಿಂದು ಎದ್ದುಹೋಗಿದ್ದವು. ಮನೆಯಲ್ಲಿ ಇದ್ದದ್ದು ಅವಳು ಮತ್ತು ಅವಳ ಅಣ್ಣ, ಇಬ್ಬರೇ. ಹಾಗಾಗಿ ನಡುವಯಸ್ಸು ದಾಟಿ, ಕಿವಿಯ ಹಿಂದೆ ಬೆಳ್ಳಿ ಕೂದಲು ಇಣುಕುವ ಹೊತ್ತಿನಲ್ಲಿ, ಅವಳು ಗಣಿತ ಶಿಕ್ಷಣದ ಸ್ನಾತಕೋತ್ತರ ಪದವಿಗೆ ಹೆಸರು ಬರೆಸಿದಳು. ಕೆಲಸದಲ್ಲಿರುವ ಶಿಕ್ಷಕರಿಗೆಂದೇ ಇದ್ದ ಕೋರ್ಸು, ರಜೆಯ ದಿನಗಳಲ್ಲಿ ಪಾಠ. ಪ್ರಬಂಧಕ್ಕೆ ಅವಳು ಆರಿಸಿಕೊಂಡದ್ದು ತನ್ನದೇ ಒಗಟನ್ನು: ಬಾಯಲ್ಲಿ ಬರುವ ಉತ್ತರ ಕೈಯಲ್ಲಿ ಏಕೆ ಬರುವುದಿಲ್ಲ?

“ಈ ವಯಸ್ಸಲ್ಲಿ ಓದಿ ಯಾವ ಪಟ್ಟಕ್ಕೆ ಏರ್ಬೇಕು ನೀವು?” ಎಂದು ಪಕ್ಕದ ಮೇಜಿನ ಭೂಗೋಳದ ಮೇಷ್ಟ್ರು ರೇಗಿಸಿದರು.

“ಇರೋ ಪಟ್ಟದಿಂದ ಇಳಿಯದೆ ಇದ್ರೆ ಸಾಕು,” ಎಂದಳು.

ಅವಳ ಗೈಡ್ ಅವಳಿಗಿಂತ ಎಷ್ಟೋ ಚಿಕ್ಕವರು. ಮೆಲುಮಾತಿನ ಹೆಂಗಸು, ಸದಾ ಕಾಲಿಗೆ ಕ್ಯಾನ್ವಾಸ್ ಷೂ. ಮೊದಲ ದಿನವೇ ಅವರು ಕೇಳಿದರು: “ಮಗು ಯೋಚನೆ ಮಾಡ್ತಾ ಇದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?” ಕೇಳಿ ಸುಮ್ಮನಾದರು. ಮುಗುಳ್ನಗುತ್ತ ಸುಮ್ಮನೇ ಇದ್ದರು. ಸೀಲಿಂಗ್ ಫ್ಯಾನಿನ ಕಿರುಗುಟ್ಟುವ ಸದ್ದು ಬಿಟ್ಟರೆ ಆ ಕೋಣೆಯಲ್ಲಿ ಬೇರೇನೂ ಇರಲಿಲ್ಲ.

ಲೆಕ್ಕದ ಮೇಡಂಗೆ ಎಲ್ಲಿಂದಲೋ ಟಕ್, ಟಕ್ ಎಂದು ಸ್ಟೀಲ್ ಲೋಟಕ್ಕೆ ಉಗುರು ತಾಗುವ ಸದ್ದು ಕೇಳಿದಂತಾಯಿತು. ಆ ಕೋಣೆಯಲ್ಲಿ ಲೋಟವೇ ಇರಲಿಲ್ಲ. ಅವಳು ಬಾಯಿಗೆ ಬಂದದ್ದೇನನ್ನೋ ಗಡಬಡಿಸಿ ಹೇಳಿ, ನೀರು ಕುಡಿಯುವ ನೆಪ ಮಾಡಿ ಹೊರಗೆ ಬಂದಳು.

ಆ ಲೋಟ ಅವಳ ಅಪ್ಪನದು. ಅಪ್ಪನೂ ಲೆಕ್ಕದ ಮೇಷ್ಟ್ರೇ. ಶಾಲೆಯಲ್ಲಿ ಕೇಳಿ ಮುಗಿಯದ ಪ್ರಶ್ನೆಗಳನ್ನು ಮನೆಗೆ ತರುತ್ತಿದ್ದ. ಊಟಕ್ಕೆ ಕೂತಾಗ, ಅನ್ನ ಬಡಿಸಿ ಮುಗಿದ ಮೇಲೆ, ಮಗನ ಕಡೆ ತಿರುಗಿ ಒಂದು ಲೆಕ್ಕ ಕೇಳುತ್ತಿದ್ದ. ಉತ್ತರ ಬರುವವರೆಗೂ ಅವನು ತುತ್ತು ಎತ್ತುತ್ತಿರಲಿಲ್ಲ. ಅವನು ಎತ್ತದೆ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಸುಮ್ಮನೆ ಕಾಯುತ್ತಿದ್ದ. ಬೆರಳುಗುರಿನಿಂದ ಲೋಟಕ್ಕೆ ಟಕ್, ಟಕ್. ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು. ಹೊಡೆತಕ್ಕೆ ಕೊನೆ ಅಂತ ಒಂದಿರುತ್ತದೆ. ಅಮ್ಮ ತಟ್ಟೆ ನೋಡುತ್ತಿದ್ದಳು, ಅಣ್ಣ ತಟ್ಟೆ ನೋಡುತ್ತಿದ್ದ, ಅನ್ನ ಆರಿ ಗಟ್ಟಿಯಾಗುತ್ತಿತ್ತು.

ಆಗ ಎದುರಿಗೆ ಕೂತಿದ್ದ ತಂಗಿ, ಅಪ್ಪನ ಕಣ್ಣು ಬೇರೆ ಕಡೆ ಹೊರಳಿದಾಗ, ತುಟಿ ಅಲ್ಲಾಡಿಸುತ್ತಿದ್ದಳು. ಅಷ್ಟೇ. ಅಣ್ಣ ಅವಳ ಬಾಯಿ ನೋಡಿ ಉತ್ತರ ಹೇಳುತ್ತಿದ್ದ. ಅಪ್ಪ ತುತ್ತು ಎತ್ತುತ್ತಿದ್ದ, ಮನೆ ಉಸಿರಾಡುತ್ತಿತ್ತು. ಇದು ಆ ಮನೆಯ ದಿನಚರಿ. ಅವಳು ದೊಡ್ಡವಳಾದ ಮೇಲೆ ಇದನ್ನು ಮರೆತೇಬಿಟ್ಟಿದ್ದಳು, ಅಥವಾ ಮರೆತೆ ಎಂದುಕೊಂಡಿದ್ದಳು.

ಈಗ ಅಪ್ಪನಿಲ್ಲ, ಅಮ್ಮನಿಲ್ಲ. ಅಣ್ಣ ತಂಗಿ ಇಬ್ಬರೂ ಒಂದು ದರ್ಜಿ ಅಂಗಡಿಯ ಮೇಲಿನ ಬಾಡಿಗೆ ಕೋಣೆಗಳಲ್ಲಿ, ಅದೇ ಹಳೆಯ ಊಟದ ಮೇಜಿನೊಂದಿಗೆ ಇದ್ದರು. ಅಪ್ಪನ ಕುರ್ಚಿಯ ಮೇಲೆ ಹಳೆಯ ಪೇಪರುಗಳ ಕಟ್ಟು. ಕಟ್ಟು ಎತ್ತರವಾದಾಗ ಮಾರುತ್ತಿದ್ದರು, ಮಾರಿದ ಮಾರನೆಯ ದಿನವೇ ಮತ್ತೆ ಒಂದು ಪೇಪರು ತಂದಿಡುತ್ತಿದ್ದರು. ಖಾಲಿ ಕುರ್ಚಿ ನೋಡಿಕೊಂಡು ಉಣ್ಣುವುದು ಇಬ್ಬರಿಗೂ ಆಗುತ್ತಿರಲಿಲ್ಲ. ಅದರ ಬಗ್ಗೆ ಇಬ್ಬರೂ ಎಂದೂ ಮಾತಾಡಿರಲಿಲ್ಲ. ಅಣ್ಣನಿಗೆ ಪಾರ್ಸೆಲ್ ಕಚೇರಿಯಲ್ಲಿ ಗಂಟುಗಳನ್ನು ಊರಿನ ಪ್ರಕಾರ ವಿಂಗಡಿಸುವ ಕೆಲಸ. ಹಿಂದಿನ ಗೋದಾಮಿನಲ್ಲಿ ಒಬ್ಬನೇ. ಗಂಟುಗಳು ಏನೂ ಕೇಳುವುದಿಲ್ಲ ಎಂದು ನಗುತ್ತ ಹೇಳುತ್ತಿದ್ದ.

ಗೈಡ್ ಕೊಟ್ಟ ಮೊದಲ ಕೆಲಸ, ತನ್ನ ಪಾಠವನ್ನು ತಾನೇ ಧ್ವನಿಮುದ್ರಿಸಿಕೊಂಡು ಕೇಳುವುದು. “ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯ್ತೀರಿ ಅಂತ ಗಮನಿಸಿ. ನಮ್ಮ ಮೇಷ್ಟ್ರುಗಳು ಯಾರೂ ಕಾಯೋದೇ ಇಲ್ಲ,” ಎಂದರು. ಕಡಲೆಬೀಜದಷ್ಟು ದೊಡ್ಡ ಮೈಕು, ಸೆರಗಿಗೆ ಸಿಕ್ಕಿಸಿಕೊಳ್ಳುವಂಥದ್ದು.

ಒಂದು ಭಾನುವಾರ, ಹಾಡಹಗಲಲ್ಲಿ, ಕೆಳಗೆ ದರ್ಜಿಯ ಯಂತ್ರ ಗಡಗಡಿಸುತ್ತಿರುವಾಗ, ಅವಳು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ಮುದ್ರಿಸಿದ್ದನ್ನು ಇಯರ್‌ಫೋನಿನಲ್ಲಿ ಹಾಕಿಕೊಂಡು ಕೇಳಿದಳು. ತನ್ನ ಗಟ್ಟಿ ದನಿ: “ಒಂದು ಆಯತದ ಸುತ್ತಳತೆ ಇಷ್ಟು, ಉದ್ದ ಇಷ್ಟು. ಅಗಲ ಎಷ್ಟು?” ಆಮೇಲೆ ಸ್ವಲ್ಪ ಮೌನ. ಆ ಮೌನದೊಳಗೆ, ಉಸಿರಿನಲ್ಲಿ ಮಾಡಿದಂಥ ಒಂದು ಸಣ್ಣ ದನಿ: ‘ಏಳು.’ ಅದರ ಬೆನ್ನಿಗೇ ಮಕ್ಕಳ ಕೂಗು, “ಏಳು ಮೇಡಂ!”

ಅವಳ ಕೈಯ ಚಾಕು ನಿಂತಿತು. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದಳು. ‘ಏಳು.’ ಯಾವುದೋ ಪುಟ್ಟ ಹುಡುಗಿಯ ಪಿಸುದನಿ, ಕಿವಿಯ ಪಕ್ಕದಲ್ಲೇ. ಮುಂದಿನ ಪ್ರಶ್ನೆಗೂ ಅದೇ. ಅದರ ಮುಂದಿನದಕ್ಕೂ ಅದೇ. ಎಲ್ಲಕ್ಕೂ ಮೊದಲು ಆ ಹುಡುಗಿ, ಆಮೇಲೆ ತರಗತಿ. ಒಂದು ಉತ್ತರವೂ ತಪ್ಪಿಲ್ಲ.

ಮುಂದಿನ ಬೆಂಚಿನ ಯಾವುದೋ ಜಾಣೆ ಇರಬೇಕು ಎಂದು ಸಮಾಧಾನ ಮಾಡಿಕೊಂಡಳು. ಬೇರೆ ತರಗತಿಯ ಪಾಠ ಮುದ್ರಿಸಿದಳು. ಅಲ್ಲೂ ಅದೇ ದನಿ. ಎರಡೂ ತರಗತಿಯಲ್ಲಿರುವ ಹುಡುಗಿ ಯಾರು? ಮೂರನೆಯ ಸಲ ಒಂದು ಉಪಾಯ ಮಾಡಿ, ಮುಂದಿನ ಎರಡು ಸಾಲು ಖಾಲಿ ಮಾಡಿಸಿ ಎಲ್ಲರನ್ನೂ ಹಿಂದಕ್ಕೆ ಕೂರಿಸಿದಳು. ಮಕ್ಕಳು ಗೊಣಗಿದವು. ಅವತ್ತು ಕೈ ಎತ್ತಿದವರೇ ಕಡಿಮೆ. ಆದರೆ ಮೈಕಿನಲ್ಲಿ ಆ ಹುಡುಗಿ ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಖಾಲಿ ಬೆಂಚುಗಳ ನಡುವಿಂದ, ಮೊದಲಿನಷ್ಟೇ ಹತ್ತಿರದಲ್ಲಿ, ಪ್ರತಿ ಪ್ರಶ್ನೆಗೂ ಉತ್ತರ ಹೇಳುತ್ತಿದ್ದಳು.

“ನಮ್ಮ ಕ್ಲಾಸಲ್ಲಿ ಪಿಸುಗುಡೋರು ಯಾರು?” ಎಂದು ಮರುದಿನ ಕೇಳಿದಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಒಬ್ಬಳು ಇನ್ನೊಬ್ಬಳ ಸೊಂಟಕ್ಕೆ ತಿವಿದಳು. ಅಂದಿನಿಂದ ಅವಳಿಗೆ ಬೋರ್ಡಿನ ಕಡೆ ತಿರುಗಿ ಬರೆಯುವಾಗ ಬೆನ್ನ ಹಿಂದೆ ಯಾರೋ ನಿಂತ ಹಾಗನ್ನಿಸತೊಡಗಿತು. ಖಾಲಿ ಮೊಗಸಾಲೆಯಲ್ಲಿ ನಡೆಯಲೂ ಅಂಜಿಕೆ. ಲೆಕ್ಕ ಕಲಿಸುವವಳು, ದೆವ್ವ ಗಿವ್ವ ಎಂದರೆ ನಗುತ್ತಿದ್ದವಳು, ಈಗ ಯಾರಿಗೆ ಹೇಳಿಕೊಳ್ಳುವುದು?

ಕೊನೆಗೆ ಆ ಮುದ್ರಣವನ್ನು ಗೈಡ್ ಮುಂದೆ ಇಟ್ಟಳು. ಅವರು ಕಣ್ಣು ಮುಚ್ಚಿ ಕೇಳಿದರು. ಕಣ್ಣು ಬಿಟ್ಟಾಗ ಅವರ ಮುಖದಲ್ಲಿ ಭಯವಿರಲಿಲ್ಲ, ಏನೋ ಮರುಕವಿತ್ತು.

“ಯಾರ ದನಿ ಅನ್ಸುತ್ತೆ ನಿಮಗೆ?” ಎಂದು ಕೇಳಿ, ಎಂದಿನಂತೆ ಸುಮ್ಮನಾದರು.

ಟಕ್, ಟಕ್. ಅವಳಿಗೆ ಸಿಟ್ಟು ನೆತ್ತಿಗೇರಿತು. “ಗೊತ್ತಿದ್ರೆ ಹೇಳಿಬಿಡಿ. ಹೀಗೆ ಕಾಯಿಸಿ ಕಾಯಿಸಿ ಸಾಯಿಸಬೇಡಿ!” ಎಂದುಬಿಟ್ಟಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು.

ಗೈಡ್ ಬೇಜಾರು ಮಾಡಿಕೊಳ್ಳಲಿಲ್ಲ. “ನಾನು ಹೇಳಿದ್ರೆ ಅದು ನನ್ನ ಉತ್ತರ ಆಗುತ್ತೆ. ಪ್ರಬಂಧಕ್ಕೆ ಮುದ್ರಿಸೋ ಕೊನೆ ಪಾಠಕ್ಕೆ ನಾನೇ ಬಂದು ಹಿಂದೆ ಕೂರ್ತೀನಿ. ಅವತ್ತು ಆ ಪಿಸುದನಿ ಇರಬಾರದು. ಇದ್ರೆ ಈ ಪ್ರಬಂಧ ಪಾಸು ಮಾಡೋಕೆ ನನ್ನ ಕೈಲಾಗಲ್ಲ,” ಎಂದರು.

ದೆವ್ವ ಬಿಡಿಸಿಕೊಂಡು ಬಂದರೆ ಮಾತ್ರ ಪದವಿ! ಇಂಥ ನಿಯಮ ಯಾವ ವಿಶ್ವವಿದ್ಯಾಲಯದಲ್ಲಿದೆ ಎಂದು ಅವಳು ಬಸ್ಸಿನುದ್ದಕ್ಕೂ ಮನಸ್ಸಿನಲ್ಲೇ ಶಾಪ ಹಾಕಿದಳು.

ಅದೇ ದಿನಗಳಲ್ಲಿ ಅಣ್ಣನಿಗೆ ತಲೆಸುತ್ತು ಶುರುವಾಯಿತು. ವಾರ ಕಳೆಯುವಷ್ಟರಲ್ಲಿ, ಗೋದಾಮಿಗೆ ಬಂದ ಹೊಸ ಸಾಹೇಬರು ಯಾವುದೋ ಗಂಟು ಎಲ್ಲಿ ಎಂದು ಕೇಳಿದಾಗ ಕಣ್ಣು ಕತ್ತಲೆ ಬಂದು ಕಪಾಟು ಹಿಡಿದು ಕುಸಿದನಂತೆ. ಜೊತೆಯವರು ಮನೆಗೆ ತಂದು ಬಿಟ್ಟರು. ತಂಗಿ ಮರುದಿನವೇ ರಜೆ ಹಾಕಿ, “ಏಳು, ನಡಿ” ಎಂದು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರು ನಾಡಿ ಹಿಡಿದು, ಕಣ್ಣಿನ ರೆಪ್ಪೆ ಎಳೆದು ನೋಡಿ, ಅಣ್ಣನನ್ನು ಕೇಳಿದರು. “ಎಷ್ಟು ದಿನದಿಂದ ಹೀಗೆ?”

ಅಣ್ಣ ಸುಮ್ಮನೆ ಕೂತ. ಗೋಡೆಯ ಗಡಿಯಾರ ಕೇಳಿಸುವಷ್ಟು ಮೌನ. ಅಣ್ಣ ಮೆಲ್ಲನೆ ಕತ್ತು ತಿರುಗಿಸಿದ. ಅವನು ನೋಡಿದ್ದು ಅವಳ ಕಣ್ಣನ್ನಲ್ಲ, ಬಾಯನ್ನು. ನರೆತ ಹುಬ್ಬಿನ ಕೆಳಗಿಂದ, ಊಟದ ಮೇಜಿನಾಚೆಯಿಂದ ನೋಡುತ್ತಿದ್ದ ಅದೇ ಕಣ್ಣು. ಆಗ ಅವಳಿಗೆ ತನ್ನ ತುಟಿ ಅಲ್ಲಾಡುತ್ತಿರುವುದು ತಿಳಿಯಿತು. ತಾನಾಗಿ, ತನ್ನನ್ನು ಕೇಳದೆ, ಒಂದು ಎಳೆ ಉಸಿರಿನಲ್ಲಿ ಅದು ಹೇಳುತ್ತಿತ್ತು: ‘ಒಂದು ವಾರ.’

“ಒಂದು ವಾರ,” ಎಂದ ಅಣ್ಣ.

ಮೈಕಿನಲ್ಲಿದ್ದ ಹುಡುಗಿ! ಪಿಸುಮಾತಿಗೆ ವಯಸ್ಸಾಗುವುದಿಲ್ಲ. ಅದಕ್ಕೇ ಅವಳಿಗೆ ಗುರುತು ಸಿಕ್ಕಿರಲಿಲ್ಲ. ಡಾಕ್ಟರು ಅದೇನೋ ಮಾತ್ರೆ ಬರೆದು, ಕಡಿಮೆಯಾಗದಿದ್ದರೆ ಮತ್ತೆ ಬನ್ನಿ ಎಂದರು. ಅವಳಿಗೆ ಒಂದಕ್ಷರವೂ ಕಿವಿಗೆ ಬೀಳಲಿಲ್ಲ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅಣ್ಣನನ್ನು ಕೂರಿಸಿ, ಪಕ್ಕದಲ್ಲೇ ಕೂತಳು. “ಅಣ್ಣ, ಊಟದ ಹೊತ್ತಲ್ಲಿ ನಾನು ಹೇಳಿಕೊಡ್ತಿದ್ದೆನಲ್ಲ, ನೆನಪಿದ್ಯಾ?”

“ಮರೆಯೋ ವಿಷಯಾನಾ ಅದು?” ಅಣ್ಣ ನಕ್ಕ. “ನೀನಿರದಿದ್ರೆ ನಾವೆಲ್ಲ ಉಪವಾಸ ಸಾಯ್ತಿದ್ವಿ.”

ಅವಳು ಅಷ್ಟಕ್ಕೇ ಎದ್ದುಬಿಡಬಹುದಿತ್ತು. ಏಳಲಿಲ್ಲ. ಮುಖವನ್ನು ರಸ್ತೆಯ ಕಡೆ ತಿರುಗಿಸಿಕೊಂಡು ಕೂತಳು. ಬಸ್ಸೊಂದು ಬಂದು, ಜನ ಇಳಿದು, ಹೋಯಿತು. ಆಮೇಲೆ ಅಣ್ಣ ತಾನಾಗಿಯೇ ಹೇಳಿದ:

“ಕೆಲವು ಸಲ ನಂಗೂ ಗೊತ್ತಿರ್ತಿತ್ತು ಕಣೇ. ನಂದು ಸ್ವಲ್ಪ ನಿಧಾನ. ಬಾಯಿಗೆ ಬರೋ ಹೊತ್ತಿಗೆ ನೀನು ಹೇಳಿ ಆಗಿರ್ತಿತ್ತು. ಆಮೇಲಾಮೇಲೆ ಯೋಚನೆ ಮಾಡೋದೇ ಬಿಟ್ಟೆ. ನಿಂದು ಹೆಂಗೂ ಸರಿಯಾಗೇ ಇರ್ತಿತ್ತಲ್ಲ.”

ಅವನ ದನಿಯಲ್ಲಿ ಎಳ್ಳಷ್ಟೂ ದೂರು ಇರಲಿಲ್ಲ. ದೂರು ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಸೆರಗಿನಿಂದ ಮುಖ ಮುಚ್ಚಿಕೊಂಡು, ಹೋಗಿ ಬರುವವರೆಲ್ಲ ನೋಡುತ್ತಿದ್ದಂತೆ ಅತ್ತಳು. ಅಣ್ಣ ಕಕ್ಕಾಬಿಕ್ಕಿಯಾಗಿ, “ನಂಗೇನೂ ಆಗಿಲ್ಲ ಬಿಡೇ, ಬರೀ ತಲೆಸುತ್ತು,” ಎಂದು ಸಮಾಧಾನ ಮಾಡಿದ.

ಮಾರನೆಯ ದಿನ ಶಾಲೆಗೆ ಹೋಗಿ ಮಕ್ಕಳನ್ನು ನೇರವಾಗಿ ಕೇಳಿದಳು. “ಪಿಸುಗುಡ್ತಿದ್ದಿದ್ದು ನಾನೇ ಅಲ್ವಾ?”

ಮುಂದಿನ ಬೆಂಚಿನ ಬಾಯಿಬಡುಕಿ ಎದ್ದು ನಿಂತಳು. “ನಿಮಗೆ ಗೊತ್ತೇ ಇರ್ಲಿಲ್ವಾ ಮೇಡಂ? ನಾವು ನೀವು ಬೇಕಂತಲೇ ಹೇಳ್ತೀರಿ ಅನ್ಕೊಂಡಿದ್ವಿ. ನಮ್ಮಕ್ಕ ಈ ಕ್ಲಾಸಲ್ಲಿದ್ದಾಗಲೇ ಹೇಳಿಕೊಟ್ಟಿದ್ಲು, ಲೆಕ್ಕದ ಮೇಡಂ ಪೀರಿಯಡ್ಡಲ್ಲಿ ಬೋರ್ಡ್ ನೋಡ್ಬೇಡ, ಬಾಯಿ ನೋಡು ಅಂತ. ಅವಳಿಗೆ ಅವಳ ಸೀನಿಯರ್ಸ್ ಹೇಳಿದ್ರಂತೆ.”

ವರ್ಷದಿಂದ ವರ್ಷಕ್ಕೆ, ಒಂದು ತರಗತಿಯಿಂದ ಇನ್ನೊಂದಕ್ಕೆ, ಆಸ್ತಿ ಹಂಚಿದಂತೆ ಈ ಗುಟ್ಟು ಹರಿದುಬಂದಿತ್ತು. ಎಷ್ಟು ಮಕ್ಕಳು! ಅವರೆಲ್ಲರೂ ಪರೀಕ್ಷೆಯ ಕೋಣೆಯಲ್ಲಿ ಕೂತು ಕಣ್ಣಾಡಿಸುತ್ತ ಹುಡುಕುತ್ತಿದ್ದದ್ದು ಅವಳ ಬಾಯನ್ನು. ಮುಂದಿನ ಬೆಂಚಿನ ಜಗಳವನ್ನು ನೆನೆಸಿಕೊಂಡು ಅವಳಿಗೆ ನಗುವೂ ಬಂತು.

ತಿಳಿದ ಮಾತ್ರಕ್ಕೆ ಬಿಡಲು ಅದೇನು ಹೊಸದಾಗಿ ಅಂಟಿದ ಚಟವೇ? ತುಟಿ ಕಚ್ಚಿ ಹಿಡಿದಳು, ಚಾಕ್‌ಪೀಸನ್ನು ಹಲ್ಲಿನ ನಡುವೆ ಇಟ್ಟು ನೋಡಿದಳು. ಪ್ರಶ್ನೆ ಕೇಳಿ ಎರಡು ಉಸಿರು ಕಳೆಯುವಷ್ಟರಲ್ಲಿ ಎದುರಿನ ಮಕ್ಕಳ ಮುಖಗಳೆಲ್ಲ ಅಣ್ಣನ ಮುಖಗಳಾಗುತ್ತಿದ್ದವು. ಹಿಂದೆ ಎಲ್ಲೋ ಲೋಟ ಸದ್ದು ಮಾಡುತ್ತಿತ್ತು. ಉತ್ತರ ತಾನಾಗಿ ಹೊರಬೀಳುತ್ತಿತ್ತು. ಪ್ರತಿ ಸಂಜೆ ಮುದ್ರಣ ಹಾಕಿಕೊಂಡು ಕೇಳಿದರೆ ಆ ಹುಡುಗಿ ಇನ್ನೂ ಅಲ್ಲೇ.

ಕೊನೆಯ ಪಾಠದ ದಿನ ಗೈಡ್ ಬಂದು ಹಿಂದಿನ ಬೆಂಚಿನ ತುದಿಯಲ್ಲಿ ಕೂತರು. ಲೆಕ್ಕದ ಮೇಡಂ ಬೋರ್ಡಿನ ಮೇಲೆ ಬರೆದಳು: ಕಾಲಿಗಿಂತ ಹೆಚ್ಚು, ಅರ್ಧಕ್ಕಿಂತ ಕಡಿಮೆ ಇರುವ ಒಂದು ಭಿನ್ನರಾಶಿ ಹೇಳಿ. ಬರೆದವಳೇ, ಮಕ್ಕಳ ನಡುವಿನಿಂದ ನಡೆದು, ಹಿಂದೆ ಹೋಗಿ ಗೈಡ್ ಪಕ್ಕದಲ್ಲಿ ಕೂತುಬಿಟ್ಟಳು.

ಇಡೀ ತರಗತಿ ಸೂರ್ಯಕಾಂತಿ ಹೊಲದ ಹಾಗೆ ಅವಳ ಕಡೆ ತಿರುಗಿತು.

“ಮುಂದೆ ನೋಡ್ರೇ! ನನ್ನ ಮುಖದ ಮೇಲೇನು ಬರೆದಿದ್ಯಾ?” ಎಂದು ಗದರಿದಳು. ತಿರುಗಿಕೊಂಡವು. ಈಗ ಅವಳ ಎದುರಿಗಿದ್ದದ್ದು ಬರೀ ಬೆನ್ನುಗಳು, ಜಡೆಗಳು. ಮೌನ. ಮೌನ ಬೆಳೆಯಿತು. ಯಾರೋ ಕೆಮ್ಮಿದರು. ಟಕ್, ಟಕ್. ಅಪ್ಪ ಬಂದು ಬೋರ್ಡಿನ ಪಕ್ಕದ ಕುರ್ಚಿಯಲ್ಲಿ ಕೂತ. ಕೂತು, ಉಗುರಿನಿಂದ ಲೋಟ ತಟ್ಟುತ್ತ, ಮಕ್ಕಳನ್ನು ನೋಡತೊಡಗಿದ. ಅವಳ ತುಟಿ ನಡುಗಿತು. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಪಕ್ಕದಲ್ಲಿದ್ದ ಗೈಡ್ ಏನೂ ಹೇಳದೆ ಅವಳ ಮೊಣಕೈ ಹಿಡಿದುಕೊಂಡರು.

“ಮೂರನೇ ಒಂದು,” ಎಂದಳು ಬಾಯಿಬಡುಕಿ, ಅನುಮಾನಿಸುತ್ತ. “ಎರಡಕ್ಕೂ ನಾಲ್ಕಕ್ಕೂ ನಡುವೆ ಮೂರು ಇದ್ಯಲ್ಲ, ಅದಕ್ಕೆ.”

ಉತ್ತರ ಸರಿ, ಕಾರಣ ಅಡ್ಡಾದಿಡ್ಡಿ. ಲೆಕ್ಕದ ಮೇಡಂ ಬಾಯಿ ಬಿಡಲಿಲ್ಲ.

“ಹಂಗಾದ್ರೆ ಮೂರನೇ ಒಂದಕ್ಕೂ ಕಾಲಿಗೂ ನಡುವೆ ಏನಿದೆ?” ಎಂದಿತು ಕಿಟಕಿಯ ಪಕ್ಕದಿಂದ ಇನ್ನೊಂದು ದನಿ. ವರ್ಷವಿಡೀ ಒಮ್ಮೆಯೂ ಕೈ ಎತ್ತದವಳು. “ಮೂರಕ್ಕೂ ನಾಲ್ಕಕ್ಕೂ ನಡುವೆ ಯಾವ ನಂಬರೂ ಇಲ್ಲ.”

“ಏನಿಲ್ಲ, ಅಕ್ಕಪಕ್ಕದ ಮನೆ ಅವು. ಮಧ್ಯ ಬರೀ ಗೋಡೆ,” ಎಂದಳು ಬಾಯಿಬಡುಕಿ.

“ಗೋಡೆ ಅಂದ್ರೂ ಜಾಗ ಹಿಡಿಯಲ್ವಾ? ಆ ಜಾಗದಲ್ಲಿ ಏನೋ ಇರಲೇಬೇಕು.”

ತರಗತಿ ಸಂತೆಯಾಯಿತು. ಬಾಯಿಬಡುಕಿ ಬೋರ್ಡಿಗೆ ಓಡಿ ಗೆರೆ ಎಳೆದಳು, ಇನ್ನೊಬ್ಬಳು ಅಳಿಸಿದಳು. ಗಂಟೆ ಹೊಡೆದಾಗಲೂ ಗೋಡೆಯ ಜಗಳ ಮುಗಿದಿರಲಿಲ್ಲ. ಹೊರಗೆ ಹೋಗುತ್ತ ಯಾರೂ ಅವಳ ಕಡೆ ತಿರುಗಿ ನೋಡಲಿಲ್ಲ. ಬೋರ್ಡಿನ ಪಕ್ಕದ ಕುರ್ಚಿ ಖಾಲಿಯಿತ್ತು.

ಗೈಡ್ ಆ ಮುದ್ರಣವನ್ನು ಕೇಳಿ, “ಮುಂದೆ ಬರೆಯಿರಿ,” ಎಂದು ಸಹಿ ಮಾಡಿದರು. ಅವಳಿಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಮನೆಯಲ್ಲಿ ಅಣ್ಣನಿಗೆ ಮಾತ್ರೆಯಿಂದ ಏನೂ ಗುಣ ಕಂಡಿರಲಿಲ್ಲ. ಮತ್ತೆ ಎರಡು ಸಲ ಬಿದ್ದಿದ್ದ. ಮತ್ತೆ ಅದೇ ಡಾಕ್ಟರ ಬಳಿ ಹೋದರು.

“ಒಂದು ವಾರದಿಂದ ಅಂದಿದ್ರಿ ಅಲ್ವಾ?” ಡಾಕ್ಟರು ಚೀಟಿ ನೋಡಿದರು. “ಸರಿಯಾಗಿ ಯೋಚನೆ ಮಾಡಿ ಹೇಳಿ. ಯಾವಾಗಿಂದ ಹೀಗೆ?”

ಅಣ್ಣ ತಂಗಿಯ ಕಡೆ ತಿರುಗಿದ. ಅವಳು ಕುರ್ಚಿಯಿಂದ ಎದ್ದು, ಅವನಿಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ನಿಂತಳು. ಗೋಡೆಯ ಮೇಲೆ ಕಿವಿಯ ಒಳಭಾಗದ ಚಿತ್ರವಿತ್ತು. ಬೆನ್ನ ಹಿಂದೆ ಅಣ್ಣನ ಉಸಿರು ಕೇಳುತ್ತಿತ್ತು. ಅದು ಜೋರಾಯಿತು. ಕುರ್ಚಿ ಕಿರ್ರೆಂದಿತು. ಅವನು ಈಗ ಬೀಳುತ್ತಾನೆ, ಈಗ ಬೀಳುತ್ತಾನೆ ಎಂದು ಅವಳ ಜೀವ ಬಾಯಿಗೆ ಬಂದಿತ್ತು. ಅನ್ನ ಆರಿಹೋಗುತ್ತಿತ್ತು, ಅಮ್ಮ ತಟ್ಟೆ ನೋಡುತ್ತಿದ್ದಳು. ಅವಳು ಹಲ್ಲು ಕಚ್ಚಿ ನಿಂತಳು.

“ತಲೆಸುತ್ತಲ್ಲ ಡಾಕ್ಟ್ರೇ ಅದು,” ಎಂದ ಅಣ್ಣ. ದನಿ ಎಷ್ಟೋ ಕಾಲ ಮುಚ್ಚಿಟ್ಟ ಬಾಗಿಲಿನಷ್ಟು ಬಿಗಿಯಾಗಿತ್ತು. “ಹೆದರಿಕೆ. ಯಾರಾದ್ರೂ ಏನಾದ್ರೂ ಕೇಳಿದ್ರೆ ಬರುತ್ತೆ.”

“ಯಾವಾಗಿಂದ?”

“ಚಿಕ್ಕವನಾಗಿದ್ದಾಗಿಂದ. ಊಟಕ್ಕೆ ಕೂತಾಗ ಶುರುವಾಗೋದು.”

ಡಾಕ್ಟರು ಪೆನ್ನು ಕೆಳಗಿಟ್ಟ ಸದ್ದು ಕೇಳಿಸಿತು. “ಆಮೇಲೆ?” ಎಂದರು.

ಅಣ್ಣ ಮಾತು ಹುಡುಕುತ್ತಿದ್ದ. ಅವಳಿಗೆ ಆ ಮಾತು ಗೊತ್ತಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಗೋಡೆಯ ಮೇಲಿನ ಕಿವಿಯನ್ನು ನೋಡುತ್ತ ನಿಂತೇ ಇದ್ದಳು.